ಬಾಹ್ಯಾಕಾಶದ ಲೇಸರ್ ಯುದ್ಧ: ನಂಬಬಹುದೇ?

ಮಕ್ಕಳೇ, ಟಿ.ವಿ.ಯಲ್ಲಿ ಬಾಹ್ಯಾಕಾಶ ಯುದ್ಧದ ಚಿತ್ರಗಳನ್ನು ನೀವು ನೋಡಿಯೇ ಇರುತ್ತೀರಿ. ಕಪ್ಪು ಆಕಾಶದಲ್ಲಿ ಎರಡು ನೌಕೆಗಳು ಎದುರುಬದುರಾಗುತ್ತವೆ. ಒಂದರಿಂದ ಕೆಂಪು ಕಿರಣ ಚಿಮ್ಮುತ್ತದೆ, ಇನ್ನೊಂದರಿಂದ ಹಸಿರು ಕಿರಣ. ಜೊತೆಗೆ 'ಪಿಯೂಂ, ಪಿಯೂಂ' ಎಂಬ ಸದ್ದು! ನಾಯಕ ತನ್ನ ನೌಕೆಯನ್ನು ಸರಕ್ಕನೆ ಪಕ್ಕಕ್ಕೆ ತಿರುಗಿಸುತ್ತಾನೆ. ಕಿರಣ ಅವನನ್ನು ಸವರಿಕೊಂಡು ಹೋಗುತ್ತದೆ. ಮರುಕ್ಷಣವೇ ಶತ್ರುವಿನ ನೌಕೆ 'ಢಂ' ಎಂದು ಸಿಡಿಯುತ್ತದೆ.

1977ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಚಿತ್ರ ಇಂಥ ದೃಶ್ಯಗಳನ್ನು ಜಗತ್ತಿನ ಮೂಲೆಮೂಲೆಗೂ ತಲುಪಿಸಿತು. ಆಮೇಲೆ ಬಂದ ಎಷ್ಟೋ ಚಿತ್ರಗಳು, ಕಾರ್ಟೂನುಗಳು, ವಿಡಿಯೋ ಆಟಗಳು ಅದೇ ದಾರಿ ಹಿಡಿದವು.

ನೋಡಲು ಬಹಳ ಚೆನ್ನಾಗಿರುತ್ತದೆ, ನಿಜ. ಆದರೆ ಇದರಲ್ಲಿ ವಿಜ್ಞಾನ ಎಷ್ಟಿದೆ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಚಿತ್ರಗಳನ್ನು ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಖುಷಿಯಿಂದ ನೋಡಿ. ಆದರೆ ಅಲ್ಲಿ ಕಾಣುವ ಪ್ರತಿಯೊಂದು ಕಿರಣಾಸ್ತ್ರಕ್ಕೂ ಮೂರು ಪ್ರಶ್ನೆ ಕೇಳಿ. ಎಷ್ಟು ದೂರ? ಎಷ್ಟು ಶಕ್ತಿ? ಬಿಸಿ ಎಲ್ಲಿಗೆ ಹೋಯಿತು? ಈ ಪ್ರಶ್ನೆಗಳನ್ನು ಕೇಳದೆ ಹೋದರೆ ಮಕ್ಕಳಷ್ಟೇ ಅಲ್ಲ, ದೊಡ್ಡ ದೊಡ್ಡ ದೇಶಗಳೂ ದಾರಿ ತಪ್ಪಬಹುದು. ಅದು ಹೇಗೆಂದು ಮುಂದೆ ನೋಡೋಣ.

ಕಿರಣ ಕಾಣುವುದೇ ಇಲ್ಲ!

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ರಾತ್ರಿ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಚ್ಚಿ ಎದುರಿನ ಗೋಡೆಗೆ ಬಿಡಿ. ಗೋಡೆಯ ಮೇಲೆ ಬೆಳಕಿನ ವೃತ್ತ ಕಾಣುತ್ತದೆ. ಆದರೆ ಟಾರ್ಚಿಗೂ ಗೋಡೆಗೂ ನಡುವೆ ಬೆಳಕಿನ ದಾರಿ ಕಾಣುತ್ತದೆಯೇ? ಹೆಚ್ಚು ಕಡಿಮೆ ಇಲ್ಲ. ಈಗ ಆ ದಾರಿಯಲ್ಲಿ ಊದುಬತ್ತಿಯ ಹೊಗೆ ಹಾಯಿಸಿ, ಇಲ್ಲವೇ ಡಸ್ಟರ್ ಕೊಡವಿ ಸೀಮೆಸುಣ್ಣದ ಧೂಳು ಎಬ್ಬಿಸಿ. ತಟ್ಟನೆ ಬೆಳಕಿನ ಪಟ್ಟಿ ಕಾಣಿಸುತ್ತದೆ! ಹೆಂಚಿನ ಮನೆಯ ಗಾಜಿನ ಬೆಳಕಿಂಡಿಯಿಂದ ಬಿಸಿಲು ಕೋಲಿನ ಹಾಗೆ ಇಳಿಯುವುದನ್ನು ನೀವು ನೋಡಿರಬಹುದು. ಅದೂ ಧೂಳಿನ ಕಣಗಳಿಂದಲೇ ಕಾಣುವುದು.

ನಾವು ಕಾಣುವುದು ನಮ್ಮ ಕಣ್ಣಿಗೆ ಬಂದು ತಲುಪಿದ ಬೆಳಕನ್ನು ಮಾತ್ರ. ಪಕ್ಕದಲ್ಲಿ ಹಾದುಹೋಗುವ ಬೆಳಕು ನಮ್ಮ ಕಡೆ ತಿರುಗಬೇಕಾದರೆ ಧೂಳೋ ಹೊಗೆಯೋ ಬೇಕು. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಇನ್ನು ಹೊಗೆ ಎಲ್ಲಿಂದ ಬರಬೇಕು? ಆದ್ದರಿಂದ ಅಲ್ಲಿ ಲೇಸರ್ ಯುದ್ಧ ನಡೆದರೆ ಕೆಂಪು ಹಸಿರು ಗೆರೆಗಳು ಕಾಣುವುದಿಲ್ಲ. ಏಟು ಬಿದ್ದ ಜಾಗ ಮಾತ್ರ ಒಮ್ಮೆಲೇ ಹೊಳೆಯುತ್ತದೆ.

ಸದ್ದಿನ ಮಾತಂತೂ ಇನ್ನೂ ಸುಲಭ. ಸದ್ದು ಸಾಗಲು ಗಾಳಿ, ನೀರು, ಮರ, ಲೋಹ ಹೀಗೆ ಯಾವುದಾದರೂ ಮಾಧ್ಯಮ ಬೇಕು. ನಿರ್ವಾತದಲ್ಲಿ ಸದ್ದು ಸಾಗದು. ಹಾಗಾದರೆ 'ಸ್ಟಾರ್ ವಾರ್ಸ್' ಚಿತ್ರದ ಕಿರಣಗಳಿಗೆ ಆ ಸದ್ದು ಎಲ್ಲಿಂದ ಬಂತು ಗೊತ್ತೇ? ಧ್ವನಿ ಜೋಡಿಸಿದ ಬೆನ್ ಬರ್ಟ್ ಎಂಬುವವರು ರೇಡಿಯೋ ಗೋಪುರವನ್ನು ಬಿಗಿದು ನಿಲ್ಲಿಸಿದ್ದ ಉಕ್ಕಿನ ತಂತಿಗೆ ಸುತ್ತಿಗೆಯಿಂದ ಹೊಡೆದು, ಬಂದ ಸದ್ದನ್ನು ಧ್ವನಿಮುದ್ರಿಸಿಕೊಂಡರು. ನಾವು 'ಲೇಸರಿನ ಸದ್ದು' ಎಂದುಕೊಂಡಿದ್ದು ತಂತಿಯ ಸದ್ದು!

ಬೆಳಕಿನಿಂದ ತಪ್ಪಿಸಿಕೊಳ್ಳಬಹುದೇ?

ಚಿತ್ರದಲ್ಲಿ ಕಿರಣವೊಂದು 30 ಮೀಟರ್ ಉದ್ದದ ಹಜಾರವನ್ನು ಅರ್ಧ ಸೆಕೆಂಡಿನಲ್ಲಿ ದಾಟಿತು ಎಂದುಕೊಳ್ಳಿ. ಅದರ ವೇಗ ಸೆಕೆಂಡಿಗೆ 60 ಮೀಟರ್. ಅಂದರೆ ಗಂಟೆಗೆ 216 ಕಿ.ಮೀ. ಇದು ಬಂದೂಕಿನ ಗುಂಡಿಗಿಂತ ಎಷ್ಟೋ ನಿಧಾನ. ನಿಜವಾದ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುತ್ತದೆ. ಆ ಹಜಾರವನ್ನು ದಾಟಲು ಅದಕ್ಕೆ ಒಂದು ಸೆಕೆಂಡಿನ ಒಂದು ಕೋಟಿಯಲ್ಲಿ ಒಂದು ಭಾಗ ಸಾಕು!

'ಕಿರಣ ಬರುವುದನ್ನು ಕಂಡು ನಾಯಕ ಬಗ್ಗಿದ' ಎಂಬ ಮಾತಿಗೂ ಅರ್ಥವಿಲ್ಲ. ಕಾಣುವುದೆಂದರೆ ಬೆಳಕು ಕಣ್ಣಿಗೆ ತಲುಪುವುದು. ಬೆಳಕಿಗಿಂತ ಮೊದಲೇ ಓಡಿಬಂದು 'ಎಚ್ಚರ' ಎಂದು ಹೇಳುವಂಥದ್ದು ಯಾವುದೂ ಇಲ್ಲ. ಕಂಡಿತು ಎನ್ನುವಷ್ಟರಲ್ಲಿ ಏಟು ಬಿದ್ದಾಗಿರುತ್ತದೆ.

ಆದರೆ ನೌಕೆಗಳು ಬಹಳ ದೂರವಿದ್ದರೆ? ಇಲ್ಲೊಂದು ತಮಾಷೆಯಿದೆ. ಶತ್ರು 3 ಲಕ್ಷ ಕಿ.ಮೀ. ದೂರದಲ್ಲಿದ್ದಾನೆ ಎನ್ನಿ. ನಮಗೆ ಕಾಣುವುದು ಅವನು ಒಂದು ಸೆಕೆಂಡಿನ ಹಿಂದೆ ಎಲ್ಲಿದ್ದನೋ ಆ ಜಾಗ. ನಾವು ಬಿಟ್ಟ ಕಿರಣ ಅಲ್ಲಿಗೆ ಹೋಗಲು ಮತ್ತೊಂದು ಸೆಕೆಂಡ್ ಬೇಕು. ಅವನ ನೌಕೆ ಸೆಕೆಂಡಿಗೆ 8 ಕಿ.ಮೀ. ವೇಗದಲ್ಲಿದ್ದರೆ ಅಷ್ಟರಲ್ಲಿ 16 ಕಿ.ಮೀ. ಮುಂದೆ ಹೋಗಿರುತ್ತದೆ. ಲೆಕ್ಕ ಹಾಕಿ ಮುಂದಕ್ಕೆ ಗುರಿಯಿಡಬಹುದು, ಸರಿ. ಆದರೆ ಅವನು ಸುಮ್ಮನೆ ಆಗಾಗ ದಿಕ್ಕು ಬದಲಿಸುತ್ತಿದ್ದರೆ ಗುರಿ ತಪ್ಪುತ್ತದೆ. ಅಂದರೆ ಲೇಸರಿನಿಂದ ತಪ್ಪಿಸಿಕೊಳ್ಳಬಹುದು, ಆದರೆ ಕಿರಣವನ್ನು ನೋಡಿಕೊಂಡು ಅಲ್ಲ, ನೋಡದೆಯೇ!

ಹಾಗಾದರೆ ಇದೆಲ್ಲ ಬರೀ ಸುಳ್ಳೇ?

ಅಲ್ಲ. ಇಲ್ಲಿ ಅವಸರ ಮಾಡಬಾರದು. ಚಿತ್ರಿಸಿದ ರೀತಿ ತಪ್ಪು ಎಂದ ಮಾತ್ರಕ್ಕೆ ಮೂಲ ಕಲ್ಪನೆಯೇ ತಪ್ಪು ಎಂದಾಗುವುದಿಲ್ಲ.

ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್ 1898ರಲ್ಲಿ ಪ್ರಕಟಿಸಿದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದವರು ಒಂದು ಶಾಖಕಿರಣದಿಂದ ಭೂಮಿಯ ಜನರನ್ನು ಸುಡುತ್ತಾರೆ. ಆ ಕಿರಣ ಕಣ್ಣಿಗೆ ಕಾಣುವುದಿಲ್ಲ ಎಂದೇ ವೆಲ್ಸ್ ಬರೆದರು. ಸುಮಾರು 80 ವರ್ಷಗಳ ನಂತರದ ಚಿತ್ರಕ್ಕಿಂತ ಅವರ ಕಲ್ಪನೆಯೇ ಸತ್ಯಕ್ಕೆ ಹತ್ತಿರವಾಗಿತ್ತು!

ಆಗ ಲೇಸರ್ ಇರಲಿಲ್ಲ. 1917ರಲ್ಲಿ ಐನ್‌ಸ್ಟೈನ್ ಅದಕ್ಕೆ ಬೇಕಾದ ತತ್ವವನ್ನು ತಿಳಿಸಿದರು. 1960ರಲ್ಲಿ ಅಮೆರಿಕದ ಥಿಯೊಡೋರ್ ಮೇಮನ್ ಮಾಣಿಕ್ಯದ ಹರಳನ್ನು ಬಳಸಿ ಮೊದಲ ಲೇಸರ್ ತಯಾರಿಸಿದರು. 1964ರಲ್ಲಿ ಕಾರ್ಬನ್ ಡೈ ಆಕ್ಸೈಡ್ ಅನಿಲದ ಲೇಸರ್ ಬಂತು. ಅದು ಲೋಹವನ್ನೂ ಕತ್ತರಿಸಬಲ್ಲದು. ಅದನ್ನು ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ದುಡಿದ ಚಂದ್ರಕುಮಾರ್ ಪಟೇಲ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇಂದು ಲೇಸರ್ ಆಯುಧಗಳು ನಿಜವಾಗಿಯೂ ಇವೆ. 2025ರ ಏಪ್ರಿಲ್ 13ರಂದು ನಮ್ಮ ದೇಶದ ಡಿ.ಆರ್.ಡಿ.ಓ. ಆಂಧ್ರಪ್ರದೇಶದ ಕರ್ನೂಲಿನಲ್ಲಿ 30 ಕಿಲೋವಾಟ್ ಲೇಸರಿನಿಂದ ಹಾರಾಡುವ ಡ್ರೋನನ್ನು ಹೊಡೆದುರುಳಿಸಿ ತೋರಿಸಿತು. 30 ಕಿಲೋವಾಟ್ ಎಂದರೆ 2 ಕಿಲೋವಾಟಿನ 15 ವಿದ್ಯುತ್ ಒಲೆಗಳನ್ನು ಒಟ್ಟಿಗೆ ಉರಿಸಿದಷ್ಟು. ಅಷ್ಟೂ ಶಕ್ತಿ ಒಂದು ಚಿಕ್ಕ ಜಾಗಕ್ಕೆ ಬಿದ್ದರೆ ಡ್ರೋನ್ ಸುಡದೆ ಇರುತ್ತದೆಯೇ?

ಅಂದ ಮೇಲೆ ಇದನ್ನೇ ಬಾಹ್ಯಾಕಾಶಕ್ಕೆ ಕೊಂಡೊಯ್ದರಾಯಿತಲ್ಲ ಎನ್ನುತ್ತೀರಾ? ಈಗ ನಮ್ಮ ಮೂರು ಪ್ರಶ್ನೆಗಳನ್ನು ಕೇಳೋಣ.

ಎಷ್ಟು ದೂರ? ಎಷ್ಟು ಶಕ್ತಿ?

ಟಾರ್ಚನ್ನು ಗೋಡೆಯಿಂದ ದೂರ ಸರಿಸಿದಂತೆ ಬೆಳಕಿನ ವೃತ್ತ ದೊಡ್ಡದಾಗುತ್ತದೆ, ಮಂಕಾಗುತ್ತದೆ. ಲೇಸರ್ ಟಾರ್ಚಿನಷ್ಟು ಬೇಗ ಹರಡುವುದಿಲ್ಲ. ಆದರೆ ಸ್ವಲ್ಪವೂ ಹರಡದ ಲೇಸರ್ ಇಲ್ಲ. ಏಕೆಂದರೆ ಬೆಳಕು ಅಲೆಯಾಗಿ ಸಾಗುತ್ತದೆ. ಕೆರೆಯ ಅಲೆ ಎರಡು ಕಲ್ಲುಗಳ ನಡುವಿನ ಸಂದಿಯಿಂದ ಹೊರಬಂದ ಮೇಲೆ ಅಗಲವಾಗುವುದನ್ನು ಗಮನಿಸಿ. ಬೆಳಕೂ ಹಾಗೆಯೇ. ಕಿರಣವನ್ನು ಹೊರಬಿಡುವ ಕನ್ನಡಿ ಅಗಲವಾಗಿದ್ದಷ್ಟೂ ಹರಡುವಿಕೆ ಕಡಿಮೆ, ಆದರೆ ಸೊನ್ನೆಯಾಗುವುದಿಲ್ಲ. ಇದು ಯಂತ್ರದ ದೋಷವಲ್ಲ, ಬೆಳಕಿನ ಗುಣ. ಎಂಥ ಜಾಣ ಎಂಜಿನಿಯರ್ ಬಂದರೂ ಇದನ್ನು ಬದಲಿಸಲಾರ.

ಒಂದು ಲೆಕ್ಕ ನೋಡಿ. 30 ಕಿಲೋವಾಟಿನ ಲೇಸರಿಗೆ 1 ಮೀಟರ್ ಅಗಲದ, ಯಾವ ಲೋಪವೂ ಇಲ್ಲದ ಕನ್ನಡಿ ಜೋಡಿಸಿದ್ದೇವೆ ಎನ್ನಿ. ಬೆಳಕಿನ ತರಂಗದೂರ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. 1,000 ಕಿ.ಮೀ. ದೂರದಲ್ಲಿ ಆ ಬೆಳಕು ಸುಮಾರು 2.4 ಮೀಟರ್ ಅಗಲದ ವೃತ್ತವಾಗಿ ಹರಡುತ್ತದೆ. ಅಲ್ಲಿ ಬೀಳುವ ಶಾಖ ಬಾಹ್ಯಾಕಾಶದ ಬಿಸಿಲಿನ ಸುಮಾರು 5 ಪಟ್ಟು. ಬಿಸಿಯೇನೋ ಹೌದು, ಆದರೆ ನೌಕೆ ಸಿಡಿಯುವಷ್ಟಲ್ಲ. ದೂರವನ್ನು 10 ಪಟ್ಟು ಹೆಚ್ಚಿಸಿ 10,000 ಕಿ.ಮೀ.ಗೆ ಹೋಗೋಣ. ವೃತ್ತದ ಅಗಲ 10 ಪಟ್ಟು ಆಗುತ್ತದೆ, ವಿಸ್ತೀರ್ಣ 100 ಪಟ್ಟು! ಈಗ ಅಲ್ಲಿಗೆ ತಲುಪುವ ಶಾಖ ಬಿಸಿಲಿನ 20ರಲ್ಲಿ ಒಂದು ಭಾಗದಷ್ಟು. ಶತ್ರುವಿಗೆ ಅದಕ್ಕಿಂತ ಸೂರ್ಯನದೇ ಹೆಚ್ಚು ಕಾಟ!

ಡ್ರೋನನ್ನು ಸುಡುವ ಅದೇ ಲೇಸರ್ ದೂರದಲ್ಲಿ ಹೀಗೆ ಸಪ್ಪೆಯಾಗುತ್ತದೆ. ಕನ್ನಡಿಯನ್ನು 10 ಮೀಟರ್ ಅಗಲ ಮಾಡಬಹುದು, ಶಕ್ತಿಯನ್ನು ಸಾವಿರ ಪಟ್ಟು ಹೆಚ್ಚಿಸಬಹುದು. ಪ್ರಕೃತಿಯ ನಿಯಮ ಅದಕ್ಕೆ ಅಡ್ಡ ಬರುವುದಿಲ್ಲ. ಆದರೆ ಆಗ ಮೂರನೆಯ ಪ್ರಶ್ನೆ ಎದುರು ನಿಲ್ಲುತ್ತದೆ.

ಬಿಸಿ ಎಲ್ಲಿಗೆ ಹೋಯಿತು?

ಶಾಖ ಸಾಗಲು ಮೂರು ದಾರಿಗಳಿವೆ: ವಹನ, ಸಂವಹನ ಮತ್ತು ವಿಕಿರಣ. ಬಿಸಿ ಚಹಾವನ್ನು ಥರ್ಮಾಸ್ ಫ್ಲಾಸ್ಕಿನಲ್ಲಿ ಹಾಕಿಟ್ಟರೆ ಗಂಟೆಗಟ್ಟಲೆ ಆರುವುದಿಲ್ಲ. ಏಕೆ? ಫ್ಲಾಸ್ಕಿನ ಎರಡು ಗೋಡೆಗಳ ನಡುವೆ ನಿರ್ವಾತವಿದೆ. ಅದರಿಂದ ಮೊದಲ ಎರಡು ದಾರಿಗಳು ಮುಚ್ಚಿಹೋಗಿವೆ. ಬಾಹ್ಯಾಕಾಶ ನೌಕೆಯ ಸುತ್ತಲೂ ನಿರ್ವಾತವೇ ಇದೆ. ಅಂದರೆ ಅದು ಒಂದು ದೊಡ್ಡ ಫ್ಲಾಸ್ಕಿನೊಳಗೆ ಕುಳಿತ ಹಾಗೆ! ಶಾಖ ಹೊರಹೋಗಲು ಉಳಿದ ದಾರಿ ವಿಕಿರಣವೊಂದೇ.

ಲೇಸರ್ ತಾನು ಪಡೆದ ವಿದ್ಯುತ್ತನ್ನೆಲ್ಲ ಬೆಳಕಾಗಿ ಮಾರ್ಪಡಿಸುವುದಿಲ್ಲ. ಮೂರರಲ್ಲಿ ಒಂದು ಭಾಗ ಬೆಳಕಾಯಿತು ಎಂದುಕೊಳ್ಳೋಣ. 30 ಕಿಲೋವಾಟ್ ಬೆಳಕು ಹೊರಟರೆ 60 ಕಿಲೋವಾಟ್ ಶಾಖ ನೌಕೆಯಲ್ಲೇ ಉಳಿಯುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಿತ್ರದಲ್ಲಿ ಬಿಳಿಯ ಅಗಲವಾದ ಹಲಗೆಗಳು ಕಾಣುತ್ತವೆ. ಅವು ಶಾಖವನ್ನು ಹೊರಸೂಸುವ ರೇಡಿಯೇಟರುಗಳು. ಅವುಗಳೊಳಗೆ ಅಮೋನಿಯಾ ಹರಿಯುತ್ತಾ ಒಳಗಿನ ಬಿಸಿಯನ್ನು ಹೊತ್ತು ತರುತ್ತದೆ. ಅಷ್ಟು ದೊಡ್ಡ ವ್ಯವಸ್ಥೆ ಹೊರಹಾಕಬಲ್ಲ ಶಾಖ ಸುಮಾರು 70 ಕಿಲೋವಾಟ್. ಹಾಗಾದರೆ 1,000 ಕಿಲೋವಾಟಿನ ಲೇಸರ್ ಹೊತ್ತ ಯುದ್ಧನೌಕೆಗೆ ಎಷ್ಟು ರೇಡಿಯೇಟರ್ ಬೇಕು? ನೀವೇ ಲೆಕ್ಕ ಹಾಕಿ. ಶಾಖ 2,000 ಕಿಲೋವಾಟ್. ಅಂದರೆ ನಿಲ್ದಾಣದ ಇಡೀ ವ್ಯವಸ್ಥೆಯ ಸುಮಾರು 28 ಪಟ್ಟು!

ಲೇಸರನ್ನು ಎಡೆಬಿಡದೆ ಹಾರಿಸುವ ನೌಕೆಯ ಮೊದಲ ಶತ್ರು ಅದರ ಸ್ವಂತ ಬಿಸಿಯೇ. ಚಿತ್ರದ ನೌಕೆಗಳಿಗೆ ಇಂಥ ಅಗಲವಾದ ಹಲಗೆಗಳು ಇವೆಯೇ? ಮುಂದಿನ ಸಲ ಹುಡುಕಿ ನೋಡಿ.

ಕಥೆಗೆ ಇಷ್ಟೆಲ್ಲ ಲೆಕ್ಕ ಬೇಕೇ?

'ಅದು ಕಥೆ. ಕಥೆಯಲ್ಲಿ ಇಷ್ಟೊಂದು ತಪ್ಪು ಹುಡುಕಿದರೆ ಮಜಾ ಎಲ್ಲಿ ಉಳಿಯುತ್ತದೆ?' ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಯಕ್ಷಗಾನದಲ್ಲಿ ಅರ್ಜುನ ಬಾಣ ಬಿಟ್ಟಾಗ ಚೆಂಡೆ ಭೋರೆಂದು ಮೊಳಗುತ್ತದೆ. ಬಾಣವೇ ಸದ್ದು ಮಾಡಿತು ಎಂದು ಯಾರೂ ತಿಳಿಯುವುದಿಲ್ಲ. ಅದು ನಮಗೆ ರೋಮಾಂಚನ ತರಲು ಇರುವುದು ಎಂಬುದು ಎಲ್ಲರಿಗೂ ಗೊತ್ತು. ಚಿತ್ರದ 'ಪಿಯೂಂ' ಸದ್ದನ್ನೂ ಚೆಂಡೆ ಎಂದುಕೊಂಡರೆ ನನ್ನ ತಕರಾರಿಲ್ಲ.

ತಕರಾರು ಇರುವುದು ಬೇರೆ ಕಡೆ. ಆಗ್ನೇಯಾಸ್ತ್ರಕ್ಕೆ ಮಂತ್ರ ಸಾಕು. ಅದಕ್ಕೆ ವಿದ್ಯುತ್ ಎಲ್ಲಿಂದ ಬಂತು ಎಂದು ನಾವು ಕೇಳುವುದಿಲ್ಲ. ಆದರೆ 'ವೈಜ್ಞಾನಿಕ' ಎಂಬ ಹೆಸರು ಹೊತ್ತು, ಯಂತ್ರ, ಗುಂಡಿ, ಗಣಕ ಎಲ್ಲವನ್ನೂ ತೋರಿಸುವ ಕಥೆಯನ್ನು ನೋಡಿದವರು 'ಇದು ಇಂದಲ್ಲ ನಾಳೆ ಹೀಗೇ ಆಗುತ್ತದೆ' ಎಂದು ನಂಬಿಬಿಡುತ್ತಾರೆ. ಆದ್ದರಿಂದ ಅಂಥ ಕಥೆ ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು.

ಸತ್ಯ ಹೇಳಿದರೆ ಕಥೆ ಸಪ್ಪೆಯಾಗುತ್ತದೆ ಎಂಬುದನ್ನೂ ನಾನು ಒಪ್ಪುವುದಿಲ್ಲ. 1968ರ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದಲ್ಲಿ ನೌಕೆಯ ಹೊರಗೆ ಬಾಹ್ಯಾಕಾಶ ಮೌನವಾಗಿಯೇ ಇದೆ. ಆ ಮೌನವೇ ನೋಡುವವರಿಗೆ ಭಯ ಹುಟ್ಟಿಸುತ್ತದೆ. ಈಗ ಇದನ್ನು ಕಲ್ಪಿಸಿಕೊಳ್ಳಿ: ಕಿರಣ ಕಾಣುವುದಿಲ್ಲ, ಸದ್ದು ಕೇಳುವುದಿಲ್ಲ. ನೌಕೆಯ ಒಳಗೆ ಬಿಸಿ ಏರುತ್ತಿದೆ. ಇನ್ನೊಂದು ಸಲ ಹಾರಿಸಿದರೆ ನಮ್ಮವರೇ ಬೇಯುತ್ತಾರೆ. ಹಾರಿಸಬೇಕೋ ಬೇಡವೋ? ನನಗಂತೂ ಈ ಕಥೆಯೇ ಹೆಚ್ಚು ಇಷ್ಟ.

ಪ್ರಶ್ನೆ ಕೇಳಿದ ವಿಜ್ಞಾನಿಗಳು

ಈಗ ಮೊದಲು ಹೇಳಿದ ಮಾತಿಗೆ ಬರೋಣ. 1983ರ ಮಾರ್ಚ್ 23ರಂದು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಟಿ.ವಿ.ಯಲ್ಲಿ ಮಾತನಾಡಿದರು. ಶತ್ರುಗಳ ಅಣ್ವಸ್ತ್ರ ಕ್ಷಿಪಣಿಗಳನ್ನು ದಾರಿಯಲ್ಲೇ ನಾಶಮಾಡುವ ರಕ್ಷಣೆಯೊಂದನ್ನು ರೂಪಿಸಿ ಎಂದು ವಿಜ್ಞಾನಿಗಳಿಗೆ ಕರೆಕೊಟ್ಟರು. ಬಾಹ್ಯಾಕಾಶದಲ್ಲಿ ಲೇಸರುಗಳನ್ನೂ ಕಣಗಳ ಕಿರಣಗಳನ್ನೂ ಇಡುವ ಯೋಜನೆಗಳು ಹುಟ್ಟಿದವು. ಇದನ್ನು ಒಪ್ಪದವರು ಇದಕ್ಕೆ ಇಟ್ಟ ಹೆಸರೇನು ಗೊತ್ತೇ? 'ಸ್ಟಾರ್ ವಾರ್ಸ್'!

ಯೋಜನೆಗೆ ಭಾರೀ ಮೊತ್ತದ ಹಣ ಹರಿಯಿತು. ಆಗ ಅಮೆರಿಕದ ಭೌತವಿಜ್ಞಾನಿಗಳ ಸಂಘ ಒಂದು ಅಧ್ಯಯನ ತಂಡ ರಚಿಸಿತು. ಅದಕ್ಕೆ ಇಬ್ಬರು ಮುಖ್ಯಸ್ಥರು. ಒಬ್ಬರು ನೊಬೆಲ್ ಪ್ರಶಸ್ತಿ ಪಡೆದಿದ್ದ ನಿಕೊಲಾಸ್ ಬ್ಲೂಂಬರ್ಗೆನ್. ಇನ್ನೊಬ್ಬರು ಬಾರಾಮತಿಯ ಅದೇ ಚಂದ್ರಕುಮಾರ್ ಪಟೇಲ್! ಲೇಸರನ್ನು ಬಲ್ಲವರಲ್ಲಿ ಬಲ್ಲವರು ಇವರು. 1987ರಲ್ಲಿ ವರದಿ ಹೊರಬಂತು. ಆಗಿದ್ದ ಕಿರಣಾಸ್ತ್ರಗಳ ಶಕ್ತಿ ಮತ್ತು ಕಿರಣದ ಗುಣಮಟ್ಟ ಕನಿಷ್ಠ 100 ಪಟ್ಟು ಉತ್ತಮವಾಗಬೇಕು, ಇದು ಸಾಧ್ಯವೇ ಅಲ್ಲವೇ ಎಂದು ತೀರ್ಮಾನಿಸಲಿಕ್ಕೇ ಹತ್ತು ವರ್ಷವೋ ಅದಕ್ಕೂ ಹೆಚ್ಚೋ ಸಂಶೋಧನೆ ಬೇಕು ಎಂದು ಅದು ತಿಳಿಸಿತು.

ಅವರು 'ಸಾಧ್ಯವೇ ಇಲ್ಲ' ಎನ್ನಲಿಲ್ಲ, ಗಮನಿಸಿ. 'ಎಷ್ಟು ದೂರ, ಎಷ್ಟು ಶಕ್ತಿ' ಎಂದು ಕೇಳಿ, ಅಳೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. 1993ರಲ್ಲಿ ಆ ಯೋಜನೆಯ ಹೆಸರೂ ಗುರಿಯೂ ಬದಲಾದವು. ಆ ಯೋಜನೆ ಬಾಹ್ಯಾಕಾಶದಲ್ಲಿ ಒಂದೂ ಲೇಸರ್ ಕೋಟೆ ಕಟ್ಟಲಿಲ್ಲ. ಲೇಸರಿನಲ್ಲೇ ಹೆಸರು ಗಳಿಸಿದವರು ತಮ್ಮ ವಿದ್ಯೆಯ ಮಿತಿಯನ್ನೂ ಬಹಿರಂಗವಾಗಿ ಹೇಳಿದರಲ್ಲ, ಅದು ನನಗೆ ಎಲ್ಲ ಚಿತ್ರಗಳ ನಾಯಕರಿಗಿಂತ ದೊಡ್ಡ ಧೈರ್ಯವಾಗಿ ಕಾಣುತ್ತದೆ.

ಅಷ್ಟು ದೂರಕ್ಕೆ ಬೆಳಕು ಏನು ಒಯ್ಯಬಲ್ಲದು?

ಹಾಗೆಂದು ಬಾಹ್ಯಾಕಾಶದಲ್ಲಿ ಲೇಸರಿಗೆ ಕೆಲಸವಿಲ್ಲ ಎಂದಲ್ಲ. ನಮ್ಮ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೆ ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸುವ ಪುಟ್ಟ ಸಾಧನವೊಂದಿದೆ. ಅದರ ಅಗಲ 5 ಸೆಂ.ಮೀ. ಮಾತ್ರ. 2023ರ ಡಿಸೆಂಬರ್ 12ರಂದು, ಚಂದ್ರನನ್ನು ಸುತ್ತುತ್ತಿದ್ದ ಅಮೆರಿಕದ ನೌಕೆಯೊಂದು ಸುಮಾರು 100 ಕಿ.ಮೀ. ದೂರದಿಂದ ಲೇಸರ್ ಬಿಟ್ಟಿತು. ವಿಕ್ರಮ್ ಅದನ್ನು ಹಿಂದಕ್ಕೆ ಕಳಿಸಿತು!

ಅದರ ಹಿಂದಿನ ದಿನವೇ ಇನ್ನೊಂದು ಸೋಜಿಗ ನಡೆದಿತ್ತು. ಸುಮಾರು 3 ಕೋಟಿ 10 ಲಕ್ಷ ಕಿ.ಮೀ. ದೂರದಲ್ಲಿದ್ದ 'ಸೈಕಿ' ನೌಕೆ ಲೇಸರ್ ಬೆಳಕಿನ ಮೂಲಕ ಭೂಮಿಗೆ ಒಂದು ವಿಡಿಯೋ ಕಳಿಸಿತು. ಅದರಲ್ಲಿದ್ದದ್ದು ಒಂದು ಬೆಕ್ಕು, ಲೇಸರಿನ ಕೆಂಪು ಚುಕ್ಕೆಯನ್ನು ಹಿಡಿಯಲು ಓಡಾಡುವ ಬೆಕ್ಕು! ಆ ಬೆಳಕು ಭೂಮಿ ಸೇರಲು 101 ಸೆಕೆಂಡ್ ಹಿಡಿಯಿತು. ಅಷ್ಟು ದೂರದಲ್ಲಿ ಬೆಳಕು ಹರಡಿ ತೆಳುವಾಗಿರುತ್ತದೆ, ಒಂದು ಎಲೆಯನ್ನೂ ಸುಡಲಾರದು. ಆದರೆ ಸುದ್ದಿ ತಲುಪಿಸಲು ಕೆಲವೇ ಬೆಳಕಿನ ಕಣಗಳು ಸಾಕು.

ಈ ಸಲ ಟಿ.ವಿ.ಯಲ್ಲಿ ಬಾಹ್ಯಾಕಾಶ ಯುದ್ಧ ಬಂದಾಗ ಮೂರು ಪ್ರಶ್ನೆಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಕುಳಿತುಕೊಳ್ಳಿ. ಉತ್ತರಗಳನ್ನು ತರಗತಿಯಲ್ಲಿ ಗೆಳೆಯರ ಮುಂದಿಡಿ. ನನ್ನ ಅಭಿಪ್ರಾಯ ತಪ್ಪೆನಿಸಿದರೆ ಅದನ್ನೂ ಲೆಕ್ಕ ಸಮೇತ ತೋರಿಸಿ. ಒಂದೇ ಒಂದು ಎಚ್ಚರಿಕೆ: ಅಂಗಡಿಯಲ್ಲಿ ಸಿಗುವ ಆಟದ ಲೇಸರನ್ನು ಯಾರ ಕಣ್ಣಿಗೂ ಬಿಡಬೇಡಿ. 1,000 ಕಿ.ಮೀ. ದೂರದ ನೌಕೆಗೆ ಅದರಿಂದ ಏನೂ ಆಗದು, ಪಕ್ಕದಲ್ಲಿ ಕುಳಿತ ಗೆಳೆಯನ ಕಣ್ಣಿಗೆ ಆಗುತ್ತದೆ.